ವಾಹನದ ಕ್ಲಚ್, ಗೇರ್ ಹಾಗೂ ಆಕ್ಸಲ್ ಭಾಗಗಳ ದೋಷ: ಮೆಕ್ಯಾನಿಕ್ ಬಳಿಗೆ ಹೋಗುವ ಮುನ್ನ ತಿಳಿದಿರಬೇಕಾದ ಅಂಶಗಳು

(ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ವಾಹನ ಮಾಲೀಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ವಾಹನಗಳು ಕೆ.ಎ.-26 ನೋಂದಣಿ ಸಂಕೇತದ ವ್ಯಾಪ್ತಿಗೆ ಬರುತ್ತವೆ. ಅರ್ಹತಾ ಪತ್ರದ (ಎಫ್.ಸಿ.) ನವೀಕರಣ ಅಥವಾ ನೋಂದಣಿ ನವೀಕರಣಕ್ಕಾಗಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾದ ಸಂದರ್ಭದಲ್ಲಿ ಅನೇಕ ಮಾಲೀಕರು ಕೊನೆಯ ವಾರದಲ್ಲಿ ಗ್ಯಾರೇಜಿಗೆ ತೆರಳುತ್ತಾರೆ. ಆ ವೇಳೆಗೆ ಸಣ್ಣ ದೋಷವು ದೊಡ್ಡ ವೆಚ್ಚವಾಗಿ ಪರಿಣಮಿಸಿರುತ್ತದೆ.

ಮಾಲೀಕರು "ಗೇರ್ ಬಾಕ್ಸ್ ಹೋಗಿದೆ" ಎಂದು ತಾವೇ ನಿರ್ಧರಿಸಿ ಹೇಳಿದಲ್ಲಿ, ಮೆಕ್ಯಾನಿಕ್ ಗೇರ್ ಬಾಕ್ಸನ್ನೇ ಬಿಚ್ಚುವ ಸಂಭವ ಹೆಚ್ಚು. ದೋಷವು ವಾಸ್ತವವಾಗಿ ಕ್ಲಚ್ ಕೇಬಲ್ಲಿನಲ್ಲಿ ಇದ್ದಿರಬಹುದು. ಆದುದರಿಂದ ಭಾಗದ ಹೆಸರನ್ನು ಹೇಳುವ ಬದಲು ಲಕ್ಷಣವನ್ನು ಹೇಳುವುದು ಉತ್ತಮ. ಶಬ್ದ ಯಾವಾಗ ಬರುತ್ತದೆ, ಯಾವ ಗೇರಿನಲ್ಲಿ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಸರಿಯಾಗಿ ಹೇಳಬಲ್ಲ ಮಾಲೀಕರಿಗೆ ಅನಾವಶ್ಯಕ ವೆಚ್ಚ ತಪ್ಪುತ್ತದೆ. ಈ ಉದ್ದೇಶಕ್ಕಾಗಿ ಅಗತ್ಯವಾದ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

2. ಶಕ್ತಿ ಚಕ್ರಕ್ಕೆ ತಲುಪುವ ಬಗೆ

ಎಂಜಿನ್ನಿನಲ್ಲಿ ಉತ್ಪತ್ತಿಯಾದ ಶಕ್ತಿಯು ಕ್ಲಚ್, ಗೇರ್ ಬಾಕ್ಸ್, ಡಿಫರೆನ್ಷಿಯಲ್ ಹಾಗೂ ಶಾಫ್ಟ್‌ಗಳ ಮೂಲಕ ಚಕ್ರಗಳನ್ನು ತಲುಪುತ್ತದೆ. ಈ ಎಲ್ಲ ಭಾಗಗಳನ್ನು ಒಟ್ಟಾಗಿ ಶಕ್ತಿ ಪ್ರಸರಣ ವ್ಯವಸ್ಥೆ ಎನ್ನಲಾಗುತ್ತದೆ. ವಾಹನಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ.

(ಅ) ಮುಂದಿನ ಚಕ್ರಗಳಿಗೆ ಶಕ್ತಿ ನೀಡುವ ವಾಹನಗಳು: ಆಲ್ಟೋ, ವ್ಯಾಗನ್ ಆರ್, ಸ್ವಿಫ್ಟ್ ಮೊದಲಾದ ಸಣ್ಣ ಕಾರುಗಳು ಈ ಬಗೆಗೆ ಸೇರಿವೆ. ಇವುಗಳಲ್ಲಿ ಡಿಫರೆನ್ಷಿಯಲ್ ಗೇರ್ ಬಾಕ್ಸಿನ ಒಳಗೇ ಇದ್ದು, ಎರಡಕ್ಕೂ ಒಂದೇ ಆಯಿಲ್ ಇರುತ್ತದೆ. ಅಲ್ಲಿಂದ ಎರಡು ಡ್ರೈವ್ ಶಾಫ್ಟ್‌ಗಳು ಮುಂದಿನ ಚಕ್ರಗಳಿಗೆ ಹೋಗುತ್ತವೆ. ಪ್ರತಿ ಶಾಫ್ಟಿನ ಎರಡೂ ತುದಿಗಳಲ್ಲಿ ಗ್ರೀಸ್ ತುಂಬಿದ ಜಾಯಿಂಟ್ ಇದ್ದು, ಅದರ ಮೇಲೆ ರಬ್ಬರ್ ಬೂಟ್ ಹೊದಿಸಲಾಗಿರುತ್ತದೆ.

(ಆ) ಹಿಂದಿನ ಚಕ್ರಗಳಿಗೆ ಶಕ್ತಿ ನೀಡುವ ವಾಹನಗಳು: ಬೊಲೆರೊ, ಕ್ರೂಸರ್, ಈಕೋ, ಟಾಟಾ ಸುಮೊ ಮೊದಲಾದವು ಈ ಬಗೆಗೆ ಸೇರಿವೆ. ಇವುಗಳಲ್ಲಿ ಗೇರ್ ಬಾಕ್ಸಿನಿಂದ ಹಿಂಭಾಗಕ್ಕೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಹೋಗುತ್ತದೆ. ಅದರ ತುದಿಗಳಲ್ಲಿ ಜಾಯಿಂಟ್ ಕ್ರಾಸ್‌ಗಳಿರುತ್ತವೆ. ಡಿಫರೆನ್ಷಿಯಲ್ ಹಿಂದಿನ ಆಕ್ಸಲ್ಲಿನ ಮಧ್ಯದಲ್ಲಿದ್ದು, ಅದಕ್ಕೆ ಪ್ರತ್ಯೇಕ ಆಯಿಲ್ ಇರುತ್ತದೆ.

ತಮ್ಮ ವಾಹನವು ಯಾವ ಬಗೆಯದು ಎಂಬುದನ್ನು ಮಾಲೀಕರು ಮೊದಲು ತಿಳಿದುಕೊಳ್ಳತಕ್ಕದ್ದು. ಕೆಳಗೆ ತಿಳಿಸಿರುವ ಲಕ್ಷಣಗಳನ್ನು ಅದಕ್ಕೆ ಅನುಗುಣವಾಗಿ ಓದಿಕೊಳ್ಳತಕ್ಕದ್ದು.

3. ಈ ಭಾಗದಲ್ಲಿ ಹಾನಿಗೆ ಪ್ರಮುಖ ಕಾರಣಗಳು

3.1 ಎರೆಮಣ್ಣು: ನರಗುಂದ ಮತ್ತು ರೋಣ ತಾಲ್ಲೂಕುಗಳ ಬಹುಭಾಗ ಎರೆ ಭೂಮಿಯಾಗಿದೆ. ಈ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಇದರಿಂದ ರಸ್ತೆಗಳು ಅಲ್ಲಲ್ಲಿ ಕುಸಿದು ಏರುಪೇರಾಗುತ್ತವೆ. ಹೊಲದ ದಾರಿಯಲ್ಲಿ ಅಂಟಿಕೊಂಡ ಕೆಸರು ಒಣಗಿ ಗಟ್ಟಿಯಾದಾಗ ರಬ್ಬರ್ ಬೂಟ್‌ಗೆ ಉಜ್ಜಿ ಅದನ್ನು ಹರಿಯುತ್ತದೆ. ಕೆಸರಿನಲ್ಲಿ ಸಿಲುಕಿದ ವಾಹನವನ್ನು ಅರ್ಧ ಕ್ಲಚ್ ಒತ್ತಿ ಬಹಳ ಹೊತ್ತು ಎಳೆಸಿದಲ್ಲಿ ಕ್ಲಚ್ ಪ್ಲೇಟ್ ಸುಡುತ್ತದೆ. ಒಂದೇ ಚಕ್ರ ವೇಗವಾಗಿ ಸುತ್ತುತ್ತಿದ್ದಲ್ಲಿ ಡಿಫರೆನ್ಷಿಯಲ್ ಸಹ ಹಾಳಾಗುತ್ತದೆ. ಇಂತಹ ಸಂದರ್ಭದಲ್ಲಿ ಚಕ್ರದ ಕೆಳಗೆ ಕಲ್ಲು ಅಥವಾ ಹಲಗೆ ಹಾಕುವುದು, ಇಲ್ಲವೇ ಟ್ರ್ಯಾಕ್ಟರಿನಿಂದ ನಿಧಾನವಾಗಿ ಎಳೆಸುವುದು ಕಡಿಮೆ ವೆಚ್ಚದ ಮಾರ್ಗ.

3.2 ರಸ್ತೆಯ ಮೇಲಿನ ಒಕ್ಕಣೆ: ಹೆಸರು, ಕಡಲೆ ಹಾಗೂ ಜೋಳದ ಸುಗ್ಗಿಯ ಕಾಲದಲ್ಲಿ ಬೆಳೆಯನ್ನು ರಸ್ತೆಯ ಮೇಲೆ ಹರಡಲಾಗುತ್ತದೆ. ಅದರ ಮೇಲೆ ಹಾಯ್ದ ವಾಹನದ ಶಾಫ್ಟ್‌ಗೆ ಬಳ್ಳಿ ಹಾಗೂ ಕಡ್ಡಿಗಳು ಸುತ್ತಿಕೊಳ್ಳುತ್ತವೆ. ಇವು ಬೂಟ್ ಮತ್ತು ಆಯಿಲ್ ಸೀಲನ್ನು ಕೊರೆಯುತ್ತವೆ. ಬಿಸಿಯಾದ ಸೈಲೆನ್ಸರಿಗೆ ತಗುಲಿದಲ್ಲಿ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಇಂತಹ ರಸ್ತೆಯಲ್ಲಿ ಸಂಚರಿಸಿದ ನಂತರ ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಕೆಳಭಾಗವನ್ನು ನೋಡಿ ಸಿಕ್ಕಿಕೊಂಡಿರುವುದನ್ನು ತೆಗೆಯತಕ್ಕದ್ದು. ರಸ್ತೆಯಲ್ಲಿ ಬೆಳೆ ಹರಡುವುದು ಇತರರ ಪ್ರಾಣಕ್ಕೂ ಅಪಾಯಕಾರಿ ಎಂಬುದನ್ನು ರೈತ ಬಾಂಧವರು ಗಮನಿಸುವುದು.

3.3 ಏರುರಸ್ತೆ ಮತ್ತು ಅಧಿಕ ಭಾರ: ಗಜೇಂದ್ರಗಡದ ಸುತ್ತಲಿನ ಗುಡ್ಡದ ರಸ್ತೆಗಳಲ್ಲಿ ಅಧಿಕ ಭಾರದೊಂದಿಗೆ ಏರುವಾಗ, ಅದರಲ್ಲೂ ಜಾತ್ರೆಯ ದಿನಗಳಲ್ಲಿ ಸಾಲಾಗಿ ನಿಂತು ನಿಂತು ಚಲಿಸುವಾಗ, ಕ್ಲಚ್ ಮೇಲೆ ಒತ್ತಡ ಹೆಚ್ಚುತ್ತದೆ. ಏರಿನಲ್ಲಿ ವಾಹನವನ್ನು ಅರ್ಧ ಕ್ಲಚ್‌ನಲ್ಲಿ ತಡೆಹಿಡಿಯದೆ ಹ್ಯಾಂಡ್ ಬ್ರೇಕ್ ಬಳಸುವುದು ಸೂಕ್ತ.

3.4 ಪ್ರವಾಹದ ನೀರು: ಮಲಪ್ರಭಾ ನದಿ ಹಾಗೂ ಬೆಣ್ಣೆಹಳ್ಳದ ದಂಡೆಯ ಗ್ರಾಮಗಳಲ್ಲಿ ನೀರು ರಸ್ತೆಗೆ ಬರುವುದುಂಟು. ಆಗಸ್ಟ್ 2019ರ ಪ್ರವಾಹದಲ್ಲಿ ನರಗುಂದ ತಾಲ್ಲೂಕಿನ ಕೊಣ್ಣೂರು ಹಾಗೂ ಲಖಮಾಪುರ, ರೋಣ ತಾಲ್ಲೂಕಿನ ಹೊಳೆಆಲೂರು ಭಾಗಗಳು ಬಾಧಿತವಾಗಿದ್ದವು. ನೀರಿನಿಂದಾಗುವ ಹಾನಿಯ ಬಗ್ಗೆ ಕ್ರಮಾಂಕ 7ರಲ್ಲಿ ವಿವರಿಸಲಾಗಿದೆ.

4. ಲಕ್ಷಣಗಳು ಮತ್ತು ಶಂಕಿಸಬಹುದಾದ ಭಾಗಗಳು

4.1 ಕ್ಲಚ್

- ಆಕ್ಸಲರೇಟರ್ ಒತ್ತಿದಾಗ ಎಂಜಿನ್ ಶಬ್ದ ಏರುತ್ತದೆ, ಆದರೆ ವೇಗ ಏರುವುದಿಲ್ಲ. ಏರಿನಲ್ಲಿ ಸುಟ್ಟ ವಾಸನೆ ಬರುತ್ತದೆ: ಕ್ಲಚ್ ಪ್ಲೇಟ್ ಸವೆದು ಜಾರುತ್ತಿರುವ ಲಕ್ಷಣ.
- ಪೆಡಲ್ ಪೂರ್ತಿ ಒತ್ತಿದರೂ ಗೇರ್ ಗರಗರ ಎನ್ನುತ್ತದೆ, ರಿವರ್ಸ್ ಬೀಳುವುದಿಲ್ಲ; ಎಂಜಿನ್ ಬಂದ್ ಮಾಡಿದಾಗ ಎಲ್ಲ ಗೇರುಗಳೂ ಸಲೀಸಾಗಿ ಬೀಳುತ್ತವೆ: ಗೇರ್ ಬಾಕ್ಸ್ ಸರಿಯಿದ್ದು, ಕ್ಲಚ್ ಪೂರ್ತಿಯಾಗಿ ಬಿಡುತ್ತಿಲ್ಲ ಎಂದು ಶಂಕಿಸಬಹುದು. ಕೇಬಲ್ ಸಡಿಲಗೊಂಡಿರುವುದು ಅಥವಾ ಕ್ಲಚ್ ಆಯಿಲ್ ಸೋರಿರುವುದು ಇದಕ್ಕೆ ಕಾರಣವಿರಬಹುದು.
- ನ್ಯೂಟ್ರಲ್‌ನಲ್ಲಿ ನಿಂತಾಗ ಪೆಡಲ್ ಒತ್ತಿದ ಕೂಡಲೇ ಶಬ್ದ ಆರಂಭವಾಗುತ್ತದೆ: ಕ್ಲಚ್ ರಿಲೀಸ್ ಬೇರಿಂಗ್.

4.2 ಗೇರ್ ಬಾಕ್ಸ್

- ನ್ಯೂಟ್ರಲ್‌ನಲ್ಲಿ ನಿಂತಾಗ ಶಬ್ದವಿದ್ದು, ಪೆಡಲ್ ಒತ್ತಿದ ಕೂಡಲೇ ನಿಲ್ಲುತ್ತದೆ: ಗೇರ್ ಬಾಕ್ಸಿನ ಒಳಗಿನ ಬೇರಿಂಗ್.
- ಒಂದು ನಿರ್ದಿಷ್ಟ ಗೇರಿಗೆ ಹಾಕುವಾಗ ಮಾತ್ರ ಗರಗರ ಎನ್ನುತ್ತದೆ: ಆ ಗೇರಿನ ಸಿಂಕ್ರೊನೈಸರ್ ರಿಂಗ್ ಸವೆದಿರಬಹುದು.
- ಹಾಕಿದ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿಯುತ್ತದೆ: ಒಳಗಿನ ಸವೆತ ಅಥವಾ ಗೇರ್ ಲಿವರಿನ ಜೋಡಣೆಯ ದೋಷ. ಇಳಿಜಾರಿನಲ್ಲಿ ಇದು ಅತ್ಯಂತ ಅಪಾಯಕಾರಿ.
- ಗೇರ್ ಲಿವರ್ ಸಡಿಲವಾಗಿ ಎಲ್ಲ ದಿಕ್ಕಿಗೂ ಅಲುಗಾಡುತ್ತದೆ: ಹೊರಗಿನ ಕೇಬಲ್ ಅಥವಾ ಬುಷ್. ಇದಕ್ಕಾಗಿ ಗೇರ್ ಬಾಕ್ಸ್ ಬಿಚ್ಚುವ ಅಗತ್ಯವಿರುವುದಿಲ್ಲ.

4.3 ಡ್ರೈವ್ ಶಾಫ್ಟ್ (ಮುಂದಿನ ಚಕ್ರ ಚಾಲನೆಯ ವಾಹನಗಳು)

- ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ವಾಹನ ಚಲಿಸಿದಾಗ ಕಟ್ ಕಟ್ ಎಂಬ ಶಬ್ದ ಬರುತ್ತದೆ: ಚಕ್ರದ ಬದಿಯ ಜಾಯಿಂಟ್. ಸಾಮಾನ್ಯವಾಗಿ ತಿರುವಿನ ಹೊರಬದಿಯಲ್ಲಿರುವ ಚಕ್ರದ ಜಾಯಿಂಟ್ ಆಗಿರುತ್ತದೆ.
- ನೇರ ರಸ್ತೆಯಲ್ಲಿ ಆಕ್ಸಲರೇಟರ್ ಒತ್ತಿದಾಗ ವಾಹನ ನಡುಗುತ್ತದೆ, ಬಿಟ್ಟಾಗ ನಿಲ್ಲುತ್ತದೆ: ಗೇರ್ ಬಾಕ್ಸಿನ ಬದಿಯ ಜಾಯಿಂಟ್.
- ಚಕ್ರದ ಒಳಭಾಗದಲ್ಲಿ ಕಪ್ಪು ಗ್ರೀಸ್ ಸಿಡಿದಿರುತ್ತದೆ: ರಬ್ಬರ್ ಬೂಟ್ ಹರಿದಿದೆ.

4.4 ಪ್ರೊಪೆಲ್ಲರ್ ಶಾಫ್ಟ್ ಮತ್ತು ಡಿಫರೆನ್ಷಿಯಲ್ (ಹಿಂದಿನ ಚಕ್ರ ಚಾಲನೆಯ ವಾಹನಗಳು)

- ವಾಹನ ಹೊರಡುವಾಗ ಅಥವಾ ರಿವರ್ಸ್‌ಗೆ ಬದಲಿಸುವಾಗ ಕೆಳಗಿನಿಂದ ಧಡ್ ಎಂಬ ಹೊಡೆತ ಕೇಳಿಸುತ್ತದೆ: ಜಾಯಿಂಟ್ ಕ್ರಾಸ್ ಸವೆತ.
- ವೇಗ ಏರಿದಂತೆ ಆಸನದ ಕೆಳಗೆ ನಡುಕ ಏರುತ್ತದೆ: ಶಾಫ್ಟ್ ಬಾಗಿರುವುದು, ಅದರ ಸಮತೋಲನ ತಪ್ಪಿರುವುದು ಅಥವಾ ಮಧ್ಯದ ಬೇರಿಂಗ್ ಸವೆದಿರುವುದು.
- ಹಿಂಭಾಗದಿಂದ ಗುಂಯ್‌ಗುಡುವ ಶಬ್ದ ಬರುತ್ತದೆ. ಆಕ್ಸಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ: ಡಿಫರೆನ್ಷಿಯಲ್ಲಿನ ಕ್ರೌನ್ ಮತ್ತು ಪಿನಿಯನ್.

4.5 ಚಕ್ರದ ಬೇರಿಂಗ್

ವೇಗದೊಂದಿಗೆ ಏರುವ ಗುಂಯ್ ಶಬ್ದವು ಗೇರ್ ಬದಲಿಸಿದರೂ ಬದಲಾಗದೆ, ರಸ್ತೆಯ ತಿರುವಿನಲ್ಲಿ ಮಾತ್ರ ಹೆಚ್ಚು ಕಡಿಮೆಯಾಗುತ್ತಿದ್ದಲ್ಲಿ ಚಕ್ರದ ಬೇರಿಂಗನ್ನು ಶಂಕಿಸಬೇಕು. ಬಲಕ್ಕೆ ತಿರುಗಿದಾಗ ಶಬ್ದ ಹೆಚ್ಚಾದಲ್ಲಿ ಎಡಬದಿಯ ಬೇರಿಂಗ್ ಆಗಿರುವ ಸಂಭವ ಹೆಚ್ಚು. ಈ ಶಬ್ದವನ್ನು ಗೇರ್ ಬಾಕ್ಸಿನದೆಂದು ತಪ್ಪಾಗಿ ಭಾವಿಸುವುದು ಸಾಮಾನ್ಯ.

4.6 ಇತರ ದೋಷಗಳು

ವಾಹನದ ಎಲ್ಲ ನಡುಕವೂ ಮೇಲ್ಕಂಡ ಭಾಗಗಳದ್ದಲ್ಲ. ನಿಂತಾಗಲೂ ವಾಹನ ನಡುಗಿದಲ್ಲಿ ಎಂಜಿನ್ ಅಥವಾ ಎಂಜಿನ್ ಮೌಂಟಿಂಗ್ ಕಾರಣವಿರಬಹುದು. ಹೆಚ್ಚು ವೇಗದಲ್ಲಿ ಸ್ಟೀರಿಂಗ್ ಮಾತ್ರ ನಡುಗಿದಲ್ಲಿ ಚಕ್ರದ ಬ್ಯಾಲೆನ್ಸಿಂಗ್, ಬ್ರೇಕ್ ಒತ್ತಿದಾಗ ಮಾತ್ರ ನಡುಗಿದಲ್ಲಿ ಬ್ರೇಕ್ ಡಿಸ್ಕ್ ಅಥವಾ ಡ್ರಮ್ ಪರೀಕ್ಷಿಸಬೇಕು. ಇವುಗಳನ್ನು ಮೊದಲು ಪರೀಕ್ಷಿಸಲು ತಗಲುವ ವೆಚ್ಚ ಅತ್ಯಲ್ಪ.

5. ಮಾಲೀಕರು ಸ್ವತಃ ಮಾಡಬಹುದಾದ ಪರಿಶೀಲನೆ

5.1 ರಾತ್ರಿ ಸಮತಟ್ಟಾದ ಜಾಗದಲ್ಲಿ ವಾಹನ ನಿಲ್ಲಿಸಿ ಅದರ ಕೆಳಗೆ ರಟ್ಟು ಅಥವಾ ಹಳೆಯ ವೃತ್ತಪತ್ರಿಕೆ ಹಾಸುವುದು. ಬೆಳಿಗ್ಗೆ ಬಿದ್ದಿರುವ ಹನಿಗಳ ಸ್ಥಾನ ಹಾಗೂ ಬಣ್ಣವನ್ನು ಗಮನಿಸುವುದು. ದಪ್ಪನೆಯ, ಕಟು ವಾಸನೆಯ ಹನಿ ಗೇರ್ ಆಯಿಲ್ ಆಗಿರುತ್ತದೆ. ಕಪ್ಪು ಅಥವಾ ಕಂದು ಬಣ್ಣದ್ದು ಸಾಮಾನ್ಯವಾಗಿ ಎಂಜಿನ್ ಆಯಿಲ್. ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್ ಬಹುತೇಕ ಕೆಂಪಾಗಿರುತ್ತದೆ. ಚಕ್ರದ ಒಳಬದಿಯಲ್ಲಿ ಬಿದ್ದ ತೆಳುವಾದ, ಜಾರುವ ಹನಿ ಬ್ರೇಕ್ ಆಯಿಲ್ ಆಗಿರಬಹುದಾಗಿದ್ದು, ಆಗ ವಾಹನವನ್ನು ಚಾಲನೆ ಮಾಡತಕ್ಕದ್ದಲ್ಲ. ಎ.ಸಿ.ಯಿಂದ ಬಿದ್ದ ಸ್ವಚ್ಛ ನೀರು ದೋಷವಲ್ಲ.

5.2 ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಎಂಜಿನ್ ಬಂದ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರದ ಹಿಂದಿನಿಂದ ಟಾರ್ಚ್ ಬೆಳಕಿನಲ್ಲಿ ರಬ್ಬರ್ ಬೂಟನ್ನು ನೋಡುವುದು. ಬಿರುಕು ಅಥವಾ ಗ್ರೀಸ್ ಕಂಡುಬಂದಲ್ಲಿ ಮೊಬೈಲಿನಲ್ಲಿ ಭಾವಚಿತ್ರ ತೆಗೆದುಕೊಳ್ಳುವುದು.

5.3 ವಾಹನ ಸಂಚಾರವಿಲ್ಲದ ನೇರ, ಸಮತಟ್ಟಾದ ರಸ್ತೆಯಲ್ಲಿ, ಶಬ್ದ ಬರುತ್ತಿರುವ ವೇಗದಲ್ಲಿಯೇ ಒಂದು ಕ್ಷಣ ಆಕ್ಸಲರೇಟರ್ ಬಿಟ್ಟು ಕ್ಲಚ್ ಒತ್ತುವುದು. ವಾಹನ ಅದೇ ವೇಗದಲ್ಲಿ ಸಾಗುತ್ತಿದ್ದು ಶಬ್ದವೂ ಮುಂದುವರಿದಲ್ಲಿ ದೋಷವು ಚಕ್ರ, ಬೇರಿಂಗ್, ಶಾಫ್ಟ್ ಅಥವಾ ಡಿಫರೆನ್ಷಿಯಲ್ ಕಡೆಗಿದೆ. ಎಂಜಿನ್ ವೇಗ ಇಳಿದ ಕೂಡಲೇ ಶಬ್ದವೂ ಇಳಿದಲ್ಲಿ ಎಂಜಿನ್ ಅಥವಾ ಕ್ಲಚ್ ಕಡೆಗಿದೆ. ಇಳಿಜಾರಿನಲ್ಲಿ ಈ ಪರೀಕ್ಷೆಯನ್ನು ಮಾಡತಕ್ಕದ್ದಲ್ಲ.

ಎಚ್ಚರಿಕೆ: ಕೇವಲ ಜ್ಯಾಕ್ ಮೇಲೆ ನಿಂತಿರುವ ವಾಹನದ ಕೆಳಗೆ ಯಾವ ಕಾರಣಕ್ಕೂ ಹೋಗತಕ್ಕದ್ದಲ್ಲ. ಜ್ಯಾಕ್ ಜಾರಿದಲ್ಲಿ ಪ್ರಾಣಾಪಾಯ ಸಂಭವಿಸುತ್ತದೆ.

5.4 ಮೆಕ್ಯಾನಿಕ್‌ಗೆ ತಿಳಿಸಲು ಈ ಕೆಳಕಂಡ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು:

(1) ವಾಹನದ ಮಾದರಿ, ತಯಾರಿಕೆಯ ವರ್ಷ ಮತ್ತು ಓಡಿರುವ ಕಿಲೋಮೀಟರ್.
(2) ಲಕ್ಷಣ ಮೊದಲು ಕಂಡ ದಿನ ಹಾಗೂ ಅದಕ್ಕೂ ಮುನ್ನ ನಡೆದ ಘಟನೆ (ಗುಂಡಿಗೆ ಬಿದ್ದಿದ್ದು, ನೀರಿನಲ್ಲಿ ಹಾಯ್ದಿದ್ದು, ಇತ್ತೀಚಿನ ರಿಪೇರಿ).
(3) ಶಬ್ದದ ಬಗೆ ಹಾಗೂ ಬರುವ ಬದಿ: ಮುಂದೆ, ಹಿಂದೆ, ಎಡ, ಬಲ.
(4) ಯಾವ ವೇಗ ಮತ್ತು ಯಾವ ಗೇರ್. ತಿರುವಿನಲ್ಲಿಯೇ ಅಥವಾ ನೇರ ರಸ್ತೆಯಲ್ಲಿಯೇ.
(5) ಎಂಜಿನ್ ತಣ್ಣಗಿದ್ದಾಗಲೇ ಅಥವಾ ಬಿಸಿಯಾದ ನಂತರವೇ.
(6) ಕ್ಲಚ್ ಒತ್ತಿದಾಗ ಆಗುವ ಬದಲಾವಣೆ.

6. ಚಾಲನೆ ನಿಲ್ಲಿಸಬೇಕಾದ ಸಂದರ್ಭಗಳು

ಈ ಕೆಳಕಂಡ ಸಂದರ್ಭಗಳಲ್ಲಿ ವಾಹನವನ್ನು ಗ್ಯಾರೇಜಿನವರೆಗೂ ಓಡಿಸಿಕೊಂಡು ಹೋಗತಕ್ಕದ್ದಲ್ಲ. ಮೆಕ್ಯಾನಿಕ್‌ನನ್ನು ಸ್ಥಳಕ್ಕೆ ಕರೆಸುವುದು ಅಥವಾ ವಾಹನವನ್ನು ಟೋಯಿಂಗ್ ಮೂಲಕ ಸಾಗಿಸುವುದು.

- ಗೇರ್ ತಾನಾಗಿ ಜಿಗಿಯುತ್ತಿದ್ದಲ್ಲಿ.
- ಗೇರ್ ಆಯಿಲ್ ಹನಿಯಾಗಿರದೆ ಧಾರೆಯಾಗಿ ಸೋರುತ್ತಿದ್ದಲ್ಲಿ.
- ಪ್ರೊಪೆಲ್ಲರ್ ಶಾಫ್ಟ್ ಬಲವಾಗಿ ನಡುಗುತ್ತಿದ್ದಲ್ಲಿ ಅಥವಾ ಅದರ ಬೋಲ್ಟ್ ಸಡಿಲಗೊಂಡಿದ್ದಲ್ಲಿ. ಚಾಲನೆಯಲ್ಲಿ ಶಾಫ್ಟ್ ಕಳಚಿ ಮುಂದಿನ ತುದಿ ನೆಲಕ್ಕೆ ತಗುಲಿದಲ್ಲಿ ವಾಹನ ನಿಯಂತ್ರಣ ತಪ್ಪುವ ಸಂಭವವಿದೆ.
- ಚಕ್ರ ಅಲುಗಾಡುತ್ತಿದ್ದಲ್ಲಿ ಅಥವಾ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿದ್ದಲ್ಲಿ.
- ಹಿಂದಿನ ಚಕ್ರದ ಒಳಬದಿಯಲ್ಲಿ ಆಯಿಲ್ ಇಳಿದಿದ್ದಲ್ಲಿ. ಆಕ್ಸಲ್ ಸೀಲಿನಿಂದ ಸೋರಿದ ಆಯಿಲ್ ಬ್ರೇಕ್ ಡ್ರಮ್ಮಿಗೆ ಇಳಿದು ಬ್ರೇಕ್ ಹಿಡಿಯದಂತಾಗುತ್ತದೆ.

ಟೋಯಿಂಗ್ ಮಾಡುವಾಗ ಶಕ್ತಿ ಪಡೆಯುವ ಚಕ್ರಗಳನ್ನು ನೆಲದಿಂದ ಎತ್ತಿರುವುದು ಸುರಕ್ಷಿತ. ಆಟೋಮ್ಯಾಟಿಕ್ ವಾಹನಗಳನ್ನು ಆ ಚಕ್ರಗಳು ನೆಲದ ಮೇಲೆ ಉರುಳುವಂತೆ ಎಳೆದೊಯ್ದಲ್ಲಿ ಗೇರ್ ಬಾಕ್ಸಿಗೆ ಹಾನಿಯಾಗುತ್ತದೆ.

ನಿದರ್ಶನ: ರೋಣದಿಂದ ಗದಗಕ್ಕೆ ಪ್ರತಿದಿನ ಸಂಚರಿಸುವ ಸಣ್ಣ ಕಾರೊಂದರ ರಬ್ಬರ್ ಬೂಟ್ ಹರಿದಿದೆ ಎಂದು ಭಾವಿಸೋಣ. ಆರಂಭದಲ್ಲಿ ಯಾವ ಶಬ್ದವೂ ಇರುವುದಿಲ್ಲ. ಆ ಹಂತದಲ್ಲಿ ಬೂಟ್ ಮತ್ತು ಗ್ರೀಸ್ ಬದಲಿಸಿದರೆ ಸಾಕು. ಗ್ರೀಸ್ ಹೊರಬಿದ್ದು ಎರೆಮಣ್ಣಿನ ಧೂಳು ಒಳಸೇರಿದ ನಂತರ ತಿರುವಿನಲ್ಲಿ ಕಟ್ ಕಟ್ ಶಬ್ದ ಆರಂಭವಾಗುತ್ತದೆ. ಆಗ ಜಾಯಿಂಟನ್ನೇ ಬದಲಿಸಬೇಕು. ಅದನ್ನೂ ಕಡೆಗಣಿಸಿದಲ್ಲಿ ಜಾಯಿಂಟ್ ಮುರಿದು, ಗೇರ್ ಹಾಕಿದರೂ ವಾಹನ ಚಲಿಸದೆ ರಸ್ತೆಯ ಮಧ್ಯದಲ್ಲಿ ನಿಲ್ಲುತ್ತದೆ. ಅದು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಂತಹ ರಸ್ತೆಯನ್ನು ದಾಟುವ ಸಮಯವಾಗಿದ್ದಲ್ಲಿ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

7. ನೀರಿನಲ್ಲಿ ಮುಳುಗಿದ ವಾಹನಗಳು

ಗೇರ್ ಬಾಕ್ಸ್ ಹಾಗೂ ಡಿಫರೆನ್ಷಿಯಲ್ ಮೇಲೆ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಆ ರಂಧ್ರ ಹಾಗೂ ಹಳೆಯ ಸೀಲುಗಳ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ. ನೀರು ಬೆರೆತ ಆಯಿಲ್ ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗುತ್ತದೆ. ಇಂತಹ ಆಯಿಲ್ ಗೇರುಗಳನ್ನು ರಕ್ಷಿಸುವುದಿಲ್ಲ. ಹಾನಿಯು ಆ ದಿನ ತಿಳಿಯದೆ, ಬೇರಿಂಗುಗಳಿಗೆ ತುಕ್ಕು ಹಿಡಿದು ಕೆಲವು ತಿಂಗಳುಗಳ ನಂತರ ಶಬ್ದದ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಆದುದರಿಂದ:

- ಹರಿಯುವ ನೀರಿನಲ್ಲಿ, ಆಳ ತಿಳಿಯದ ಹಳ್ಳ ಮತ್ತು ಸೇತುವೆಗಳ ಮೇಲೆ ವಾಹನ ಚಲಾಯಿಸತಕ್ಕದ್ದಲ್ಲ.
- ಮುಳುಗಿದ್ದ ವಾಹನವನ್ನು ಸ್ಟಾರ್ಟ್ ಮಾಡಲು ಪ್ರಯತ್ನಿಸತಕ್ಕದ್ದಲ್ಲ. ಎಂಜಿನ್ನಿನೊಳಗೆ ನೀರಿದ್ದಲ್ಲಿ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಹಾಳಾಗುತ್ತದೆ.
- ಚಕ್ರದ ಮಧ್ಯಭಾಗಕ್ಕಿಂತ ಮೇಲೆ ನೀರು ಬಂದಿದ್ದಲ್ಲಿ ಗೇರ್ ಬಾಕ್ಸ್, ಡಿಫರೆನ್ಷಿಯಲ್ ಆಯಿಲ್ ಹಾಗೂ ಚಕ್ರದ ಬೇರಿಂಗುಗಳನ್ನು ಪರೀಕ್ಷಿಸಿ, ಆಯಿಲ್ ಬಣ್ಣ ಬದಲಾಗಿದ್ದಲ್ಲಿ ಕೂಡಲೇ ಬದಲಿಸತಕ್ಕದ್ದು.
- ನೀರು ನಿಂತ ಮಟ್ಟ ಕಾಣುವಂತೆ ವಾಹನದ ಭಾವಚಿತ್ರ ತೆಗೆದಿಟ್ಟುಕೊಳ್ಳತಕ್ಕದ್ದು. ವಿಮಾ ಪರಿಹಾರಕ್ಕೆ ಇದು ಸಹಾಯಕ.

8. ಗ್ಯಾರೇಜಿನಲ್ಲಿ ಅನುಸರಿಸಬೇಕಾದ ಕ್ರಮ

(1) ಮೆಕ್ಯಾನಿಕ್‌ನನ್ನು ಜೊತೆಯಲ್ಲಿ ಕೂರಿಸಿಕೊಂಡು ಶಬ್ದ ಬರುವಂತೆ ಒಮ್ಮೆ ವಾಹನ ಓಡಿಸಿ ತೋರಿಸುವುದು.

(2) ಭಾಗಗಳನ್ನು ಬಿಚ್ಚುವ ಮುನ್ನ ಅಂದಾಜು ವೆಚ್ಚವನ್ನು ಬರವಣಿಗೆಯಲ್ಲಿ ಪಡೆಯುವುದು. ಬಿಡಿಭಾಗದ ಬೆಲೆ ಮತ್ತು ಕೂಲಿಯನ್ನು ಪ್ರತ್ಯೇಕವಾಗಿ ನಮೂದಿಸಿರಬೇಕು. ಬಿಚ್ಚಿದ ನಂತರ ಹೆಚ್ಚುವರಿ ಕೆಲಸ ಕಂಡುಬಂದಲ್ಲಿ, ಮಾಲೀಕರ ಒಪ್ಪಿಗೆ ಪಡೆದೇ ಮುಂದುವರಿಯುವಂತೆ ತಿಳಿಸುವುದು.

(3) ಗೇರ್ ಬಾಕ್ಸ್ ಬಿಚ್ಚಬೇಕೆಂದು ಹೇಳಿದಲ್ಲಿ ಮೊದಲು ಆಯಿಲ್ ಇಳಿಸಿ ತೋರಿಸಲು ಕೋರುವುದು. ಆಯಿಲ್ ಕೆಳಗಿನ ಬಿರಡೆಗೆ ಸೂಕ್ಷ್ಮವಾದ ಬೂದು ಪುಡಿ ಅಂಟಿರುವುದು ಸಹಜ ಸವೆತ. ಲೋಹದ ಚೂರು ಅಥವಾ ಹಲ್ಲಿನ ತುಂಡು ಕಂಡುಬಂದಲ್ಲಿ ಒಳಗೆ ಹಾನಿಯಾಗಿರುವುದು ಖಚಿತ.

(4) ಕ್ಲಚ್ ಬದಲಿಸುವಾಗ ಪ್ಲೇಟ್, ಪ್ರೆಷರ್ ಪ್ಲೇಟ್ ಹಾಗೂ ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದು ಸಾಮಾನ್ಯ ಪದ್ಧತಿ. ಒಂದನ್ನೇ ಬದಲಿಸಿದಲ್ಲಿ ಉಳಿದವು ಕೆಟ್ಟಾಗ ಅದೇ ಕೂಲಿಯನ್ನು ಮತ್ತೊಮ್ಮೆ ತೆರಬೇಕಾಗುತ್ತದೆ. ಇದನ್ನು ಅನಾವಶ್ಯಕ ವೆಚ್ಚವೆಂದು ಭಾವಿಸಬೇಕಾಗಿಲ್ಲ. ಅದೇ ಸಮಯದಲ್ಲಿ ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲನ್ನೂ ಪರೀಕ್ಷಿಸುವಂತೆ ಕೋರುವುದು.

(5) ಬದಲಿಸಿದ ಹಳೆಯ ಭಾಗಗಳನ್ನು ತೋರಿಸುವಂತೆ ಮೊದಲೇ ತಿಳಿಸುವುದು. ಭಾಗಗಳ ಹೆಸರು, ಓಡಿರುವ ಕಿಲೋಮೀಟರ್ ಹಾಗೂ ದಿನಾಂಕವಿರುವ ಬಿಲ್ ಪಡೆಯುವುದು.

(6) ವಾರಂಟಿ ಅವಧಿಯಲ್ಲಿರುವ ವಾಹನವನ್ನು ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸುವ ಮುನ್ನ ವಾರಂಟಿ ಷರತ್ತುಗಳನ್ನು ಓದಿಕೊಳ್ಳುವುದು.

(7) ಎಂಜಿನ್ ಬದಲಿಸುವುದರಿಂದ ನೋಂದಣಿ ಪತ್ರದಲ್ಲಿನ ಎಂಜಿನ್ ಸಂಖ್ಯೆಯು ತಾಳೆಯಾಗುವುದಿಲ್ಲ. ಆದ್ದರಿಂದ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸದೆ ಎಂಜಿನ್ ಬದಲಿಸತಕ್ಕದ್ದಲ್ಲ.

9. ವಿಮೆ

ಮೂರನೇ ವ್ಯಕ್ತಿಯ ವಿಮೆ ಮಾತ್ರ ಇದ್ದಲ್ಲಿ ಸ್ವಂತ ವಾಹನದ ಹಾನಿಗೆ ಪರಿಹಾರ ದೊರೆಯುವುದಿಲ್ಲ. ಸಮಗ್ರ ವಿಮೆ ಇದ್ದಲ್ಲಿ ಅಪಘಾತ ಹಾಗೂ ಪ್ರವಾಹದಿಂದಾದ ಹಾನಿಗೆ ಪರಿಹಾರ ಕೋರಬಹುದು. ಆದರೆ ಸಹಜ ಸವೆತ ಹಾಗೂ ಯಾಂತ್ರಿಕ ವೈಫಲ್ಯಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರವಿರುವುದಿಲ್ಲ. ಸವೆದ ಕ್ಲಚ್ ಪ್ಲೇಟ್ ಇದಕ್ಕೆ ಉದಾಹರಣೆ.

ವಾಹನದ ತಳಭಾಗ ಕಲ್ಲಿಗೆ ಬಡಿದು ಗೇರ್ ಬಾಕ್ಸ್ ಒಡೆದಿದ್ದಲ್ಲಿ ಅದು ಅಪಘಾತದ ಹಾನಿ. ಆದರೆ ಆಯಿಲ್ ಸೋರುತ್ತಿರುವುದು ಗೊತ್ತಿದ್ದೂ ವಾಹನ ಓಡಿಸಿ ಒಳಗಿನ ಗೇರುಗಳು ಹಾಳಾದಲ್ಲಿ, ಅದನ್ನು ನಂತರದ ಪರಿಣಾಮದ ನಷ್ಟವೆಂದು ಪರಿಗಣಿಸಿ ವಿಮಾ ಕಂಪನಿಯು ಪರಿಹಾರ ನಿರಾಕರಿಸಬಹುದು. ತಳಭಾಗಕ್ಕೆ ಪೆಟ್ಟು ಬಿದ್ದ ಕೂಡಲೇ ವಾಹನ ನಿಲ್ಲಿಸಿ, ಕಂಪನಿಗೆ ಮಾಹಿತಿ ನೀಡಿ, ಸರ್ವೇಯರ್ ಪರಿಶೀಲನೆಯ ನಂತರವೇ ರಿಪೇರಿ ಆರಂಭಿಸತಕ್ಕದ್ದು.

10. ಅರ್ಹತಾ ಪತ್ರ ಹಾಗೂ ನೋಂದಣಿ ನವೀಕರಣ

ಸಾರಿಗೆ ವಾಹನಗಳಿಗೆ ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 56ರ ಮೇರೆಗೆ ಅರ್ಹತಾ ಪತ್ರ ಕಡ್ಡಾಯವಾಗಿದೆ. ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್ ಹಾಗೂ ಸರಕು ವಾಹನಗಳು ಇದರಲ್ಲಿ ಸೇರಿವೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 62ರಂತೆ ವಾಹನಕ್ಕೆ 8 ವರ್ಷವಾಗುವವರೆಗೆ 2 ವರ್ಷಗಳಿಗೊಮ್ಮೆ, ಅನಂತರ ಪ್ರತಿ ವರ್ಷ ನವೀಕರಣ ಮಾಡಿಸತಕ್ಕದ್ದು. ಸ್ವಂತ ಬಳಕೆಯ ಕಾರುಗಳ ನೋಂದಣಿಯು 15 ವರ್ಷ ಚಾಲ್ತಿಯಲ್ಲಿದ್ದು, ಆ ನಂತರ ತಪಾಸಣೆಗೊಳಪಟ್ಟು 5 ವರ್ಷಗಳ ಅವಧಿಗೆ ನವೀಕರಿಸಬಹುದಾಗಿದೆ. ಇದಕ್ಕಾಗಿ ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ ಮುಂಚಿನ 60 ದಿನಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು.

ತಪಾಸಣೆಯಲ್ಲಿ ಬ್ರೇಕ್, ಸ್ಟೀರಿಂಗ್, ದೀಪಗಳು, ಹಾರ್ನ್, ವೇಗಮಾಪಕ, ಹೊಗೆಯ ಪ್ರಮಾಣ ಮೊದಲಾದವುಗಳನ್ನು ನೋಡಲಾಗುತ್ತದೆ. ಸೋರುವ ಆಕ್ಸಲ್ ಸೀಲಿನಿಂದ ಬ್ರೇಕ್ ಪರೀಕ್ಷೆಯಲ್ಲಿ ವಾಹನ ಅನುತ್ತೀರ್ಣವಾಗಬಹುದು. ಹೀಗಾದಲ್ಲಿ ಆ ದಿನದ ಬಾಡಿಗೆಯ ನಷ್ಟದೊಂದಿಗೆ ಮತ್ತೊಮ್ಮೆ ತಪಾಸಣೆಗೆ ಬರಬೇಕಾಗುತ್ತದೆ. ತಪಾಸಣೆಯ ದಿನಾಂಕಕ್ಕೆ ಕನಿಷ್ಠ 3 ವಾರ ಮುಂಚಿತವಾಗಿ ಮೇಲಿನ ಪರಿಶೀಲನೆ ಮಾಡಿಕೊಂಡಲ್ಲಿ ರಿಪೇರಿಗೆ ಸಾಕಷ್ಟು ಕಾಲಾವಕಾಶ ದೊರೆಯುತ್ತದೆ.

ಸದರಿ ಅಧಿನಿಯಮದ ಕಲಂ 190ರ ಮೇರೆಗೆ, ಮಾಲೀಕರಿಗೆ ಗೊತ್ತಿದ್ದ ಅಥವಾ ಸಾಧಾರಣ ಎಚ್ಚರಿಕೆಯಿಂದ ಕಂಡುಕೊಳ್ಳಬಹುದಾಗಿದ್ದ ಅಪಾಯಕಾರಿ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು ಶಿಕ್ಷಾರ್ಹವಾಗಿದೆ. "ಗೊತ್ತಿರಲಿಲ್ಲ" ಎಂಬ ಉತ್ತರ ಎಲ್ಲ ಸಂದರ್ಭದಲ್ಲೂ ಸಾಲುವುದಿಲ್ಲ.

11. ದೋಷಪೂರಿತ ರಿಪೇರಿಯ ಬಗ್ಗೆ ದೂರು

ಹಣ ಪಡೆದು ಮಾಡಿದ ರಿಪೇರಿಯಲ್ಲಿ ಲೋಪವಿದ್ದಲ್ಲಿ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರಡಿ ದೂರು ಸಲ್ಲಿಸಬಹುದಾಗಿದೆ. ಮೊದಲು ಗ್ಯಾರೇಜಿನವರಿಗೆ ಲಿಖಿತವಾಗಿ ತಿಳಿಸಿ ಸರಿಪಡಿಸಲು ಅವಕಾಶ ನೀಡುವುದು ಉತ್ತಮ. ಅದರಿಂದ ಪ್ರಯೋಜನವಾಗದಿದ್ದಲ್ಲಿ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಅಥವಾ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ವ್ಯಾಜ್ಯದ ಕಾರಣ ಉದ್ಭವಿಸಿದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೂ ದೂರು ಸಲ್ಲಿಸಲು ಅವಕಾಶವಿರುವುದರಿಂದ, ಹುಬ್ಬಳ್ಳಿಯಲ್ಲಿ ರಿಪೇರಿ ಮಾಡಿಸಿದವರು ಸಹ ಗದಗ ಜಿಲ್ಲಾ ಆಯೋಗದ ಮುಂದೆ ಹೋಗಬಹುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕ್ಲಚ್ ಜಾರುತ್ತಿರುವ ವಾಹನವನ್ನು ಗಜೇಂದ್ರಗಡದಿಂದ ಗದಗದವರೆಗೆ ಓಡಿಸಬಹುದೇ?
ಉತ್ತರ: ಸೂಕ್ತವಲ್ಲ. ಜಾರುವ ಪ್ಲೇಟ್ ಬಿಸಿಯಾಗಿ ಫ್ಲೈವೀಲನ್ನೂ ಹಾಳುಮಾಡುತ್ತದೆ, ಹಾಗೂ ಏರಿನಲ್ಲಿ ವಾಹನ ನಿಂತುಹೋಗುವ ಸಂಭವವಿದೆ. ಸಮೀಪದ ಗ್ಯಾರೇಜಿನಲ್ಲಿಯೇ ತೋರಿಸುವುದು.

ಪ್ರಶ್ನೆ: ಗೇರ್ ಆಯಿಲ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು?
ಉತ್ತರ: ಇದು ಪ್ರತಿ ಮಾದರಿಗೆ ಬೇರೆಯಾಗಿದ್ದು, ವಾಹನದೊಂದಿಗೆ ನೀಡಿರುವ ಮಾಲೀಕರ ಕೈಪಿಡಿಯಲ್ಲಿ ನಮೂದಿಸಿರುತ್ತದೆ. ಅದರಲ್ಲಿ ತಿಳಿಸಿರುವ ದರ್ಜೆಯ ಆಯಿಲನ್ನೇ ಹಾಕಿಸತಕ್ಕದ್ದು. ನೀರಿನಲ್ಲಿ ಮುಳುಗಿದ ವಾಹನಕ್ಕೆ ಈ ಅವಧಿ ಅನ್ವಯಿಸುವುದಿಲ್ಲ.

ಪ್ರಶ್ನೆ: ಒಂದು ಹಳೆಯ, ಒಂದು ಹೊಸ ಟೈರ್ ಹಾಕಿದಲ್ಲಿ ತೊಂದರೆ ಇದೆಯೇ?
ಉತ್ತರ: ಒಂದೇ ಆಕ್ಸಲ್ಲಿನ ಎರಡು ಟೈರುಗಳ ಅಳತೆ ಅಥವಾ ಸವೆತದಲ್ಲಿ ಹೆಚ್ಚಿನ ವ್ಯತ್ಯಾಸವಿದ್ದಲ್ಲಿ ನೇರ ರಸ್ತೆಯಲ್ಲಿಯೂ ಡಿಫರೆನ್ಷಿಯಲ್ ನಿರಂತರವಾಗಿ ಕೆಲಸ ಮಾಡಬೇಕಾಗಿ ಬೇಗ ಸವೆಯುತ್ತದೆ. ಜೋಡಿಯಾಗಿ ಬದಲಿಸುವುದು ಸೂಕ್ತ.

ಪ್ರಶ್ನೆ: ಗ್ಯಾರೇಜಿನವರು ಬಿಲ್ ನೀಡಿರುವುದಿಲ್ಲ. ದೂರು ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ಮೊಬೈಲ್ ಮೂಲಕ ಹಣ ಪಾವತಿಸಿದ ವಿವರ, ಸಂದೇಶಗಳು, ಭಾವಚಿತ್ರಗಳು ಹಾಗೂ ಅಂದಾಜು ಚೀಟಿ ಸಾಕ್ಷ್ಯವಾಗಿ ಉಪಯುಕ್ತವಾಗುತ್ತವೆ. ಆದರೆ ಬಿಲ್ ಇದ್ದಲ್ಲಿ ಪ್ರಕರಣ ಸುಲಭವಾಗುತ್ತದೆ.

ಸೂಚನೆ: ಮೇಲ್ಕಂಡ ವಿವರಗಳು ಸಾರ್ವಜನಿಕರ ಸಾಮಾನ್ಯ ಮಾಹಿತಿಗಾಗಿ ಮಾತ್ರ ಇದ್ದು, ಅರ್ಹ ಮೆಕ್ಯಾನಿಕ್‌ನ ಪರೀಕ್ಷೆಗೆ ಬದಲಿಯಲ್ಲ. ಅರ್ಜಿ, ಶುಲ್ಕ ಹಾಗೂ ತಪಾಸಣೆಯ ದಿನಾಂಕದ ವಿವರಗಳಿಗಾಗಿ ಪರಿವಾಹನ್ ಜಾಲತಾಣವನ್ನು ನೋಡುವುದು ಅಥವಾ ಗದಗದ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸುವುದು.